ಬಟ್ಟೆ ಅಂಗಡಿಯ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಲೆಕ್ಕ ಒಪ್ಪಿಸುವಂತೆ ಮಾಡುವುದು ಹೇಗೆ

ಜುಲೈ ತಿಂಗಳು. ವಿರಾಜಪೇಟೆಯಲ್ಲಿ ಜಡಿಮಳೆ. ರೇನ್‌ಕೋಟ್ ಕೇಳಿಕೊಂಡು ನಮ್ಮ ಅಂಗಡಿಗೆ ಬಂದವರೆಲ್ಲ ಬರಿಗೈಯಲ್ಲಿ ವಾಪಸ್ ಹೋಗುತ್ತಿದ್ದರು. ಕಂಪ್ಯೂಟರ್ ಮಾತ್ರ 24 ಪೀಸ್ ಇದೆ ಎಂದು ಹಟ ಹಿಡಿದಿತ್ತು.

ಆಗಿದ್ದೇನು ಅಂದರೆ, ಮಡಿಕೇರಿ ಗೋಡೌನಿಂದ 24 ಪೀಸ್ ಹೊರಟಿತ್ತು, ಅದರ ಲೆಕ್ಕದ ಫೈಲ್ ಕಳಿಸುವ ಹೊತ್ತಿಗೇ ಕರೆಂಟ್ ಹೋಯಿತು, ಬಂದ ಮೇಲೆ ಹೋಗಿದೆಯೋ ಇಲ್ಲವೋ ಅಂತ ನಾನೇ ಅದನ್ನು ಇನ್ನೊಮ್ಮೆ ಕಳಿಸಿದೆ. ಲೆಕ್ಕದಲ್ಲಿ 48 ಆಯಿತು. ನಿಜವಾದ 24 ಮೂರೇ ದಿನದಲ್ಲಿ ಖಾಲಿ. ಉಳಿದ 24 ಬರೀ ಪರದೆ ಮೇಲೆ. ಅದನ್ನು ನಂಬಿ ಪ್ಲಾನಿಂಗ್ ಸಾಫ್ಟ್‌ವೇರ್ ಹೊಸ ಮಾಲು ಕಳಿಸಲೇ ಇಲ್ಲ. ತಪ್ಪು ಅದರದ್ದಲ್ಲ, ಅದಕ್ಕೆ ಕೊಟ್ಟಿದ್ದನ್ನು ಅದು ನಂಬಿತು, ಅಷ್ಟೇ.

ಯಾವ ಕಂಪನಿಯ ಸಾಫ್ಟ್‌ವೇರ್ ತಗೊಂಡರೂ ಒಳಗಿನ ಹರಿವು ಸುಮಾರು ಒಂದೇ. ಮೇಲೆ ದುಡ್ಡಿನ ಪ್ಲಾನ್: ಈ ಸೀಸನ್‌ಗೆ ಎಷ್ಟು ಮಾರಬೇಕು, ಎಷ್ಟು ಸ್ಟಾಕ್ ಇಡಬೇಕು, ಎಷ್ಟು ರಿಯಾಯಿತಿ ಬಿಡಬೇಕು. ಅದರಿಂದ ಅಸಾರ್ಟ್‌ಮೆಂಟ್ ಪ್ಲಾನ್, ಅಂದರೆ ಯಾವ ಅಂಗಡಿಗೆ ಯಾವ ಡಿಸೈನ್, ಯಾವ ಬಣ್ಣ. ಅದರಿಂದ ಖರೀದಿ ಆರ್ಡರ್. ಮಾಲು ಬಂದ ಮೇಲೆ ಅಲೊಕೇಶನ್, ಯಾವ ಅಂಗಡಿಗೆ ಎಷ್ಟು ಪೀಸ್ ಅಂತ ಹಂಚುವುದು. ಕೊನೆಗೆ ಬಿಲ್ಲಿಂಗ್ ಕೌಂಟರ್. ಪ್ಲಾನ್ ಮೇಲಿಂದ ಕೆಳಗೆ ಇಳಿಯುತ್ತದೆ. ಮಾರಾಟ, ಸ್ಟಾಕ್, ವಾಪಸ್ ಬಂದ ಮಾಲಿನ ಲೆಕ್ಕ ಕೆಳಗಿಂದ ಮೇಲೆ ಹತ್ತುತ್ತದೆ.

ಮೊದಲ ಕೆಲಸಕ್ಕೆ ಕಂಪ್ಯೂಟರೇ ಬೇಡ. ಒಂದು ದೊಡ್ಡ ಹಾಳೆ ತಗೊಳ್ಳಿ, ನಿಮ್ಮಲ್ಲಿರುವ ಸಾಫ್ಟ್‌ವೇರ್‌ಗಳನ್ನೆಲ್ಲ ಬರೆದು ಬಾಣ ಎಳೆಯಿರಿ. ಪ್ರತಿ ಅಂಕಿಗೆ ಒಬ್ಬನೇ ಯಜಮಾನ ಇರಲಿ. ಎಂಆರ್‌ಪಿ ಬದಲಿಸುವುದು ಐಟಂ ಮಾಸ್ಟರ್‌ನಲ್ಲಿ, ಅಂದರೆ ಎಲ್ಲ ಐಟಂಗಳ ಮೂಲ ಪಟ್ಟಿಯಲ್ಲಿ ಮಾತ್ರ, ಕೌಂಟರಿನಲ್ಲಿ ಅಲ್ಲ. ಸ್ಟಾಕಿನ ಲೆಕ್ಕ ಸ್ಟಾಕ್ ಸಾಫ್ಟ್‌ವೇರ್‌ನದ್ದು, ಪ್ಲಾನಿಂಗ್ ಅದನ್ನು ಓದಬಹುದು, ತಿದ್ದಬಾರದು. ಎರಡು ಕಡೆ ತಿದ್ದಲು ಬಿಟ್ಟಿರೋ, ಯಾವುದು ಸರಿ ಎಂಬ ಜಗಳ ವರ್ಷವಿಡೀ ಮುಗಿಯುವುದಿಲ್ಲ.

ಆಮೇಲೆ ಕೋಡ್. ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಡಿಸೈನ್, ಬಣ್ಣ, ಸೈಜ್ ಮೂರೂ ಸೇರಿ ಒಂದು ಐಟಂ, ಅದಕ್ಕೆ ಒಂದೇ ಕೋಡ್, ಎಲ್ಲ ಸಾಫ್ಟ್‌ವೇರ್‌ಗೂ ಅದೇ. ಒಂದರಲ್ಲಿ ಎಕ್ಸ್‌ಎಲ್, ಇನ್ನೊಂದರಲ್ಲಿ 42 ಅಂತ ಇದ್ದರೆ ಯಂತ್ರಕ್ಕೆ ಅವು ಎರಡು ಬೇರೆ ಅಂಗಿ. ಒಂದರಲ್ಲಿ ಪೀಸ್, ಇನ್ನೊಂದರಲ್ಲಿ ಡಜನ್ ಇದ್ದರೆ ಕೇಳಲೇ ಬೇಡಿ. 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್ ಇದೆಯಲ್ಲ, ಅದಿರುವ ಸಿಎಸ್‌ವಿ, ಅಂದರೆ ಬರೀ ಅಲ್ಪವಿರಾಮ ಹಾಕಿ ಬರೆದ ಪಟ್ಟಿಯ ಫೈಲನ್ನು ಸುಮ್ನೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 8.90ಇ+12 ಅಂತ ಕುಳಿತುಬಿಡುತ್ತದೆ, ಕೊನೆಯ ಅಂಕಿಗಳು ಹೋದವು. ಕೋಡಿನ ಮುಂದಿರುವ ಸೊನ್ನೆಯೂ ಹಾಗೇ ಉದುರುತ್ತದೆ. ಕೋಡ್ ಇರುವ ಕಾಲಮ್ಮನ್ನು ಟೆಕ್ಸ್ಟ್ ಎಂದೇ ತೆರೆಯಿರಿ. ಇನ್ನೂ ಒಳ್ಳೆಯದೆಂದರೆ ಆ ಫೈಲನ್ನು ಯಾರೂ ಕೈಯಲ್ಲಿ ತೆರೆಯದಂತೆ ನೋಡಿಕೊಳ್ಳಿ.

ಈಗ ಹಂಚಿಕೆ. ಬಿಲ್ ಇರುವುದು ಪೀಸ್ ಲೆಕ್ಕದಲ್ಲಿ, ಪ್ಲಾನ್ ಇರುವುದು ವಾರ ಮತ್ತು ವಿಭಾಗದ ಲೆಕ್ಕದಲ್ಲಿ. ಪೀಸನ್ನು ಕೂಡಿ ಮೇಲೆ ಕಳಿಸುವುದು ಸುಲಭ. ಮೇಲಿನ ಮೊತ್ತವನ್ನು ಕೆಳಗೆ ಒಡೆಯಲು ಒಂದು ನಿಯಮ ಬೇಕು. ಜರ್ಕಿನ್, ರೇನ್‌ಕೋಟ್‌ಗೆ ನಮ್ಮ ಮೂರು ಅಂಗಡಿಗೂ ಸಮನಾಗಿ ಹಂಚು ಎಂದರೆ ಕೆಟ್ಟಿತು. ಮಡಿಕೇರಿಯಲ್ಲಿ ಹೊಯ್ಯುವ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ, ಅಲ್ವಾ? ಹಾಗಾಗಿ ವಿಭಾಗವಾರು ಕಳೆದ ವರ್ಷದ ಮಾರಾಟದ ಪಾಲನ್ನು ನಿಯಮವಾಗಿ ಕೊಡಿ, ಸೈಜ್ ಹಂಚಿಕೆಯನ್ನೂ ಆಯಾ ಅಂಗಡಿಯ ಬಿಲ್ಲಿನಿಂದಲೇ ತೆಗೆಯಿರಿ. ಒಂದು ಎಚ್ಚರ: ಎಲ್ ಸೈಜ್ ಮುಗಿದುಹೋಗಿದ್ದ ವಾರದಲ್ಲಿ ಎಲ್ ಮಾರಾಟ ಸೊನ್ನೆ ಇರುತ್ತದೆ. ಅದನ್ನು ಯಾರಿಗೂ ಎಲ್ ಬೇಡ ಅಂತ ಓದಿಕೊಂಡರೆ ಮುಂದಿನ ವರ್ಷವೂ ಎಲ್ ಬರುವುದಿಲ್ಲ. ಸ್ಟಾಕ್ ಇಲ್ಲದ ವಾರಗಳನ್ನು ಲೆಕ್ಕದಿಂದ ತೆಗೆದುಬಿಡಿ.

ಕ್ಯಾಲೆಂಡರ್ ಬಗ್ಗೆ ಕೊಡಗಿನವರಿಗೆ ಜಾಸ್ತಿ ಹೇಳಬೇಕಿಲ್ಲ. ಸಾಫ್ಟ್‌ವೇರ್ ಕಳೆದ ವರ್ಷದ 48ನೇ ವಾರವನ್ನು ಈ ವರ್ಷದ 48ನೇ ವಾರದ ಪಕ್ಕ ಇಟ್ಟು ನೋಡುತ್ತದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಅದು ನಡೆಯುತ್ತದೆ, ಸೆಪ್ಟೆಂಬರ್ ಮೊದಲ ವಾರದಲ್ಲೇ ಬರುತ್ತದಲ್ಲ. ಸುಗ್ಗಿ ಹಬ್ಬ ಹುತ್ತರಿ ಹಾಗಲ್ಲ. ಹುಣ್ಣಿಮೆ ನೋಡಿ, ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗಬೇಕು. 2023ರಲ್ಲಿ ನವೆಂಬರ್ ಕೊನೆಗೆ ಬಂತು, 2024ರಲ್ಲಿ ಡಿಸೆಂಬರ್ ಮಧ್ಯಕ್ಕೆ. ಕೊಡವ ಗಂಡಸರ ಕುಪ್ಯ ಕೋಟು, ಅದರ ಸೊಂಟಕ್ಕೆ ಕಟ್ಟುವ ಚೇಲೆ, ರೇಷ್ಮೆ ಸೀರೆ ಕೇಳಿ ಬರುವವರು ಹಬ್ಬ ನೋಡಿ ಬರುತ್ತಾರೆ, ವಾರದ ನಂಬರ್ ನೋಡಿ ಅಲ್ಲ. ಅದಕ್ಕೆ ಹಬ್ಬದ ಹೆಸರು, ವರ್ಷ, ವಾರ, ಇಷ್ಟೇ ಇರುವ ಒಂದು ಸಣ್ಣ ಪಟ್ಟಿ ಮಾಡಿ ಪ್ಲಾನಿಂಗ್‌ಗೆ ಕೊಡಿ. ಹುತ್ತರಿ ವಾರವನ್ನು ಹುತ್ತರಿ ವಾರದ ಜೊತೆಗೇ ಹೋಲಿಸಲಿ.

ಇಷ್ಟೆಲ್ಲ ಜೋಡಿಸುವುದು ಮುಖ್ಯವಾಗಿ ಒಂದು ಅಂಕಿಗಾಗಿ: ಇನ್ನೂ ಎಷ್ಟು ರೂಪಾಯಿಯ ಮಾಲು ತರಿಸಬಹುದು. ಓಪನ್ ಟು ಬೈ ಅನ್ನುತ್ತಾರೆ. ಉದಾಹರಣೆಗೆ ಒಂದು ತಿಂಗಳಿಗೆ ಮಾರಾಟದ ಪ್ಲಾನ್ 6 ಲಕ್ಷ, ರಿಯಾಯಿತಿಗೆ 40 ಸಾವಿರ, ತಿಂಗಳ ಕೊನೆಗೆ ಉಳಿಯಬೇಕಾದ ಸ್ಟಾಕ್ 9 ಲಕ್ಷ. ಒಟ್ಟು 15 ಲಕ್ಷ 40 ಸಾವಿರ. ಅದರಲ್ಲಿ ಈಗಿರುವ ಸ್ಟಾಕ್ 8 ಲಕ್ಷ, ಆರ್ಡರ್ ಕೊಟ್ಟು ಇನ್ನೂ ಬರಬೇಕಾದ್ದು 3 ಲಕ್ಷ ಕಳೆಯಿರಿ. 4 ಲಕ್ಷ 40 ಸಾವಿರ ಉಳಿಯಿತು. ಖರೀದಿ ಸಾಫ್ಟ್‌ವೇರ್‌ನಿಂದ ಆ 3 ಲಕ್ಷದ ಆರ್ಡರಿನ ಲೆಕ್ಕ ಬಂದು ತಲುಪದಿದ್ದರೆ ಪ್ಲಾನಿಂಗ್ 7 ಲಕ್ಷ 40 ಸಾವಿರ ತೋರಿಸುತ್ತದೆ, ನೀವು ಅದೇ ಮಾಲಿಗೆ ಎರಡನೇ ಸಲ ದುಡ್ಡು ಹಾಕುತ್ತೀರಿ. ಉಲ್ಟಾನೂ ಆಗುತ್ತದೆ. ಮಾಲು ಇಳಿಸಿಕೊಂಡ ಮೇಲೆ ಆರ್ಡರ್ ಮುಚ್ಚದಿದ್ದರೆ ಅದು ಸ್ಟಾಕಲ್ಲೂ ಇರುತ್ತದೆ, ಆರ್ಡರಲ್ಲೂ ಇರುತ್ತದೆ, ಕೈಯಲ್ಲಿ ದುಡ್ಡಿದ್ದರೂ ತರಿಸಬೇಡ ಅನ್ನುತ್ತದೆ. ಇನ್ನೊಂದು ಮಾತು, ಎಲ್ಲವೂ ಮಾರುವ ಬೆಲೆಯಲ್ಲಿರಲಿ ಇಲ್ಲವೇ ಎಲ್ಲವೂ ಕೊಂಡ ಬೆಲೆಯಲ್ಲಿರಲಿ. ಬೆರೆಸಬೇಡಿ.

ರಾತ್ರಿ ಫೈಲ್ ಹೋಗುವುದಕ್ಕೆ ಒಂದು ಸರದಿ ಇಟ್ಟುಕೊಳ್ಳಿ. ಮೊದಲು ಐಟಂ ಮಾಸ್ಟರ್ ಮತ್ತು ಬೆಲೆ, ಆಮೇಲೆ ಬಂದ ಮಾಲು, ಆಮೇಲೆ ಅಂಗಡಿಯಿಂದ ಅಂಗಡಿಗೆ ಹೋದದ್ದು, ಕೊನೆಗೆ ಮಾರಾಟ ಮತ್ತು ವಾಪಸ್. ಸರದಿ ತಪ್ಪಿದರೆ ಬರದ ಮಾಲು ಮಾರಿದಂತಾಗಿ ಸ್ಟಾಕ್ ಮೈನಸ್ ತೋರಿಸುತ್ತದೆ. ಪ್ರತಿ ಟ್ರಾನ್ಸ್‌ಫರ್‌ಗೂ ಮತ್ತೆ ಬಳಸದ ಒಂದು ನಂಬರ್ ಇರಲಿ, ಆ ನಂಬರ್ ಆಗಲೇ ಬಂದಿದ್ದರೆ ಎರಡನೆಯದನ್ನು ತೆಗೆದುಕೊಳ್ಳಬೇಡ ಅಂತ ಹೇಳಿಡಿ. ಇದೊಂದು ಇದ್ದಿದ್ದರೆ ನನ್ನ ರೇನ್‌ಕೋಟ್ ಕತೆ ಆಗುತ್ತಿರಲಿಲ್ಲ. ದಾರಿಯಲ್ಲಿರುವ ಮಾಲಿಗೆ ಬೇರೆಯೇ ಖಾನೆ ಬೇಕು, ಮಡಿಕೇರಿಯಿಂದ ಹೊರಟಿದೆ, ವಿರಾಜಪೇಟೆ ಮುಟ್ಟಿಲ್ಲ ಅಂತ. ಮರ ಬಿದ್ದು ರಸ್ತೆ ಬಂದ್ ಆದ ದಿನ ಅದರ ಬೆಲೆ ಗೊತ್ತಾಗುತ್ತದೆ. ಫೈಲಿನ ಕೊನೆಯ ಸಾಲಿನಲ್ಲಿ ಎಷ್ಟು ಸಾಲು, ಎಷ್ಟು ಪೀಸ್, ಎಷ್ಟು ರೂಪಾಯಿ ಅಂತ ಬರೆಸಿ. ಆ ಕಡೆ ಎಣಿಸಿದಾಗ ಅದೇ ಬರದಿದ್ದರೆ ಇಡೀ ಫೈಲ್ ವಾಪಸ್. ಅರ್ಧ ಫೈಲ್ ಒಳಗೆ ಹೋಗುವುದಕ್ಕಿಂತ ಏನೂ ಹೋಗದಿರುವುದೇ ವಾಸಿ.

ಜಿಎಸ್‌ಟಿಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ರೆಡಿಮೇಡ್ ಬಟ್ಟೆಗೆ ಪೀಸಿಗೆ 2,500 ರೂಪಾಯಿವರೆಗೆ ಶೇ 5, ಅದನ್ನು ದಾಟಿದರೆ ಶೇ 18. ಮೊದಲು ಆ ಗೆರೆ 1,000 ರೂಪಾಯಿಗಿತ್ತು. ತೆರಿಗೆ ಬಿಟ್ಟು 2,800 ರೂಪಾಯಿ ಇದ್ದ ಜರ್ಕಿನ್ ರಿಯಾಯಿತಿಯಲ್ಲಿ 2,300ಕ್ಕೆ ಇಳಿದರೆ ತೆರಿಗೆಯೂ ಬದಲಾಯಿತು. ಹಾಗಾಗಿ ರಿಯಾಯಿತಿ ಬೆಲೆ ಕೌಂಟರಿಗೆ ಹೋಗುವಾಗ ತೆರಿಗೆ ದರವೂ ಅದರ ಜೊತೆಗೇ ಬದಲಾಗಬೇಕು.

ಎಲ್ಲ ವಿಭಾಗವನ್ನೂ ಒಂದೇ ದಿನ ಜೋಡಿಸಲು ಹೋಗಬೇಡಿ. ನಾವು ಕೊಡೆಯಿಂದ ಶುರು ಮಾಡಿದೆವು, ಸೈಜಿನ ತಲೆನೋವಿಲ್ಲ ಅಂತ. ಎರಡು ವಾರ ದಿನಾ ರಾತ್ರಿ ಬಾಗಿಲು ಹಾಕಿದ ಮೇಲೆ ಕೈಯಲ್ಲಿ ಎಣಿಸಿ ಪರದೆಯ ಲೆಕ್ಕಕ್ಕೆ ತಾಳೆ ನೋಡುವುದು. ಒಂದು ಸೋಮವಾರ ಮೂರು ಕೊಡೆ ಕಡಿಮೆ ಬಂತು. ಫೈಲೆಲ್ಲ ಜಾಲಾಡಿದೆವು, ಸಾಲು ಸರಿ ಇತ್ತು, ಮೊತ್ತ ಸರಿ ಇತ್ತು. ಬೆಳಗ್ಗೆ ನಮ್ಮ ಹುಡುಗರು ಮೂವರೂ ಹೊಸ ಕೊಡೆ ಹಿಡಿದುಕೊಂಡೇ ಕೆಲಸಕ್ಕೆ ಬಂದರು.