ಮಹಿಳಾ ಫುಟ್‌ಬಾಲ್ ಪ್ರಾಯೋಜಕತ್ವದಿಂದ ಸಣ್ಣ ಕಾರಿನ ಪ್ರಚಾರ: ಮಾಡುವ ಕ್ರಮ, ಎಡವುವ ಜಾಗಗಳು

ನಗರದ ಓಡಾಟಕ್ಕೆಂದೇ ಇರುವ ಹ್ಯಾಚ್‌ಬ್ಯಾಕ್ ಕಾರನ್ನು ಮಹಿಳಾ ಫುಟ್‌ಬಾಲ್ ಮೂಲಕ ಜನರಿಗೆ ಪರಿಚಯಿಸಬೇಕೆಂದಿದ್ದರೆ, ಯಾವ ಹಂತದ ಪ್ರಾಯೋಜಕತ್ವದ ಹಕ್ಕು ಕೊಳ್ಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ವಿಶ್ವಕಪ್ ಮಟ್ಟದಲ್ಲಿ ಕಾರು ಕಂಪನಿಗಳಿಗೆ ಮೀಸಲಾದ ಜಾಗ ಹ್ಯುಂಡೈ ಮತ್ತು ಕಿಯಾ ಕೈಯಲ್ಲಿದೆ. ಬೇರೆ ಕಂಪನಿಯ ಡೀಲರ್ ತನ್ನ ಬ್ಯಾನರ್ ಮೇಲೆ ವಿಶ್ವಕಪ್ಪಿನ ಹೆಸರನ್ನೋ ಲಾಂಛನವನ್ನೋ ಹಾಕಿದರೆ ನೋಟಿಸ್ ಬರಬಹುದು. ಫೋಕ್ಸ್‌ವ್ಯಾಗನ್ ಹಿಡಿದ ದಾರಿ ಇನ್ನೊಂದು ತುದಿಯದು. 2013 ಮತ್ತು 2014ರಲ್ಲಿ ಮಹಿಳಾ ಚಾಂಪಿಯನ್ಸ್ ಲೀಗ್ ಗೆದ್ದ ಜರ್ಮನಿಯ ವುಲ್ಫ್ಸ್‌ಬರ್ಗ್ ಕ್ಲಬ್ಬಿನ ಮಾಲೀಕರೇ ಅವರು. 2022ರ ಏಪ್ರಿಲ್‌ನಲ್ಲಿ ಇದೇ ತಂಡ ಬಾರ್ಸಿಲೋನಾ ವಿರುದ್ಧ ಕ್ಯಾಂಪ್ ನೌನಲ್ಲಿ ಆಡಿದಾಗ 91,648 ಪ್ರೇಕ್ಷಕರಿದ್ದರು.

ನಮ್ಮಲ್ಲಿ ಡೀಲರ್‌ಗೋ ಕಂಪನಿಯ ಪ್ರಾದೇಶಿಕ ಕಚೇರಿಗೋ ಎಟುಕುವುದು ಕ್ಲಬ್ ಮಟ್ಟ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಫೈನಲ್ ತಲುಪಿದ ತಂಡ. ಇಂಥ ಕ್ಲಬ್ಬಿನೊಡನೆ ಮಾತಿಗೆ ಕೂರುವ ಮುನ್ನ ಲೀಗ್‌ನ ಕೇಂದ್ರ ಪ್ರಾಯೋಜಕರ ಪಟ್ಟಿ ತರಿಸಿಕೊಂಡು ನೋಡಿ. ಅದರಲ್ಲಿ ವಾಹನ ಕಂಪನಿ ಇದ್ದರೆ ನಿಮ್ಮ ಬೋರ್ಡಿಗೆ ಮೈದಾನದಲ್ಲಿ ಜಾಗ ಸಿಗದೆ, ಜೆರ್ಸಿಯ ತೋಳಷ್ಟೇ ಉಳಿದೀತು.

ಹಕ್ಕಿಗೆ ಒಂದು ರೂಪಾಯಿ ಕೊಟ್ಟರೆ ಅದನ್ನು ಬಳಸಲು ಕನಿಷ್ಠ ಇನ್ನೊಂದು ರೂಪಾಯಿ ಎತ್ತಿಡಬೇಕು. ಇದ್ದ ಹಣವನ್ನೆಲ್ಲ ಜೆರ್ಸಿಗೆ ಸುರಿದು, ಪಂದ್ಯದ ದಿನ ಸ್ಟಾಲ್ ಹಾಕಲೂ ದುಡ್ಡಿಲ್ಲದೆ ಕೂರುವುದು ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಒಪ್ಪಂದ ಮೂರು ಸೀಸನ್‌ಗಾದರೂ ಇರಲಿ. ಒಂದೇ ವರ್ಷಕ್ಕೆ ಕೈಬಿಟ್ಟರೆ ತಂಡದ ಜತೆ ನಿಮ್ಮ ಹೆಸರು ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಪ್ರಚಾರವನ್ನು ಒಬ್ಬಳೇ ತಾರೆಯ ಮೇಲೆ ಕಟ್ಟಬೇಡಿ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಆಟಗಾರ್ತಿಯರಲ್ಲಿ ಪುರುಷರಿಗಿಂತ ಹೆಚ್ಚು, ಚೇತರಿಕೆಗೆ ಒಂಬತ್ತು ತಿಂಗಳಾದರೂ ಬೇಕು. ಇಂಗ್ಲೆಂಡಿನ ಬೆತ್ ಮೀಡ್, ಲಿಯಾ ವಿಲಿಯಮ್‌ಸನ್, ನೆದರ್‌ಲೆಂಡ್ಸ್‌ನ ವಿವಿಯಾನೆ ಮೀಡೆಮಾ ಮೂವರೂ ಇದೇ ಕಾರಣಕ್ಕೆ 2023ರ ವಿಶ್ವಕಪ್ ತಪ್ಪಿಸಿಕೊಂಡರು. ನಾಲ್ಕು ಆಟಗಾರ್ತಿಯರನ್ನು ಆರಿಸಿ, ಪ್ರತಿಯೊಬ್ಬರೊಂದಿಗೂ ಪ್ರತ್ಯೇಕ ಒಪ್ಪಿಗೆ ಪತ್ರ ಮಾಡಿಕೊಳ್ಳಿ. ಕ್ಲಬ್ಬಿನ ಸಹಿ ಇದ್ದಮಾತ್ರಕ್ಕೆ ಆಟಗಾರ್ತಿಯ ಮುಖವನ್ನು ಜಾಹೀರಾತಿಗೆ ಒಂಟಿಯಾಗಿ ಬಳಸುವ ಹಕ್ಕು ಬರುವುದಿಲ್ಲ. ಗಾಯವಾದರೆ, ಗರ್ಭಿಣಿಯಾದರೆ ಸಂಭಾವನೆ ಕಡಿತ ಎಂಬ ಷರತ್ತು ಕರಡಿನಲ್ಲಿದ್ದರೆ ಹೊಡೆದುಹಾಕಿ. 2021ರಿಂದ ಫಿಫಾ ನಿಯಮವೇ ಆಟಗಾರ್ತಿಯರಿಗೆ ಕನಿಷ್ಠ 14 ವಾರಗಳ ವೇತನಸಹಿತ ಹೆರಿಗೆ ರಜೆ ಕೊಡಿಸಿದೆ. ಪ್ರಾಯೋಜಕ ಅದಕ್ಕಿಂತ ಕೆಳಗಿಳಿಯುವುದು ನ್ಯಾಯವಲ್ಲ.

ಕಂಪನಿಯ ಬಣ್ಣ ಬಿಳಿ ಎಂದು ಬಿಳಿ ಚಡ್ಡಿಗೆ ಪಟ್ಟು ಹಿಡಿಯಲೂಬೇಡಿ. ಮುಟ್ಟಿನ ದಿನಗಳ ಆತಂಕವನ್ನು ಆಟಗಾರ್ತಿಯರೇ ಹೇಳಿಕೊಂಡ ಮೇಲೆ ಇಂಗ್ಲೆಂಡ್ ತಂಡ 2023ರಲ್ಲಿ ನೀಲಿ ಚಡ್ಡಿಗೆ ಬದಲಾಯಿತು. ಕಾರಿನ ಮೇಲೆ ಗುಲಾಬಿ ಸ್ಟಿಕರ್, ಹೂವಿನ ಚಿತ್ರ ಕೂಡ ಬೇಡ. ಆಟ ನೋಡಲು ಬಂದವರಿಗೆ ಆಟದ ಬಗ್ಗೆ ಗೌರವ ಕಾಣಬೇಕು.

ಇನ್ನು ಕಾರಿಗೆ ತಂಡದಲ್ಲಿ ಏನು ಕೆಲಸ? ಐದು ಸೀಟಿನ ಗಾಡಿಯಲ್ಲಿ ಇಡೀ ತಂಡ ಹೋಗುವುದಿಲ್ಲ, ಅದಕ್ಕೆ ಬಸ್ಸೇ ಬೇಕು. ಫಿಸಿಯೋ ಓಡಾಟ, ಗೋಲ್‌ಕೀಪರ್ ಕೋಚ್, ಅಭ್ಯಾಸದ ಸಾಮಾನು, ಆಸ್ಪತ್ರೆಗೆ ಸ್ಕ್ಯಾನ್‌ಗೆ ಕರೆದೊಯ್ಯುವುದು, ಇವಕ್ಕೆ ಸಣ್ಣ ಕಾರು ಸರಿಯಾಗಿ ಒದಗುತ್ತದೆ. ಡಿಕ್ಕಿಯ ವಿಷಯದಲ್ಲಿ ಬಾಯಿಗೆ ಬಂದ ಸಂಖ್ಯೆ ಹೇಳಬೇಡಿ. ಐದನೇ ಸೈಜಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ಅಂದರೆ ಅಡ್ಡಳತೆ ಸುಮಾರು 22 ಸೆಂ.ಮೀ. ಹ್ಯುಂಡೈ ಗ್ರ್ಯಾಂಡ್ ಐ10 ನಿಯೋಸ್‌ನ ಡಿಕ್ಕಿ 260 ಲೀಟರ್. ಬರೀ ಭಾಗಾಕಾರ ಮಾಡಿದರೆ 45ಕ್ಕೂ ಹೆಚ್ಚು ಚೆಂಡು ಹಿಡಿಯಬೇಕು. ಆದರೆ ಚೆಂಡುಗಳ ನಡುವಿನ ಸಂದಿಯೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಿನ್ನುತ್ತದೆ, ಚಕ್ರದ ಉಬ್ಬು ಇನ್ನಷ್ಟು. ಇಪ್ಪತ್ತೈದು ತುಂಬುವುದೂ ಕಷ್ಟ. ಹತ್ತು ಚೆಂಡಿನ ಬಲೆಚೀಲ, ಕೋನ್‌ಗಳು, ಔಷಧದ ಪೆಟ್ಟಿಗೆ, ನೀರಿನ ಬಾಟಲಿಗಳ ಕ್ರೇಟು ಇವಿಷ್ಟನ್ನು ನಿಜವಾಗಿ ತುಂಬಿ, ಹಿಂದಿನ ಸೀಟು ಮಡಚಬೇಕಾಯಿತೇ ಇಲ್ಲವೇ ಎಂಬುದನ್ನೂ ತೋರಿಸಿ ವೀಡಿಯೊ ಮಾಡಿ. ಕಾರು ಕೊಳ್ಳುವವರಿಗೆ ಬೇಕಾದದ್ದು ಈ ಮಾಹಿತಿಯೇ.

ಕ್ಲಬ್ಬಿಗೆ ಕೊಡುವ ಕಾರು ಪೂರ್ತಿ ನೋಂದಣಿಯಾಗಿರಬೇಕು. ನೋಂದಣಿಯಾಗದ ಗಾಡಿಗಳಿಗೆಂದು ಶೋರೂಂಗೆ ಕೊಡುವ ಟ್ರೇಡ್ ಸರ್ಟಿಫಿಕೇಟ್ ಮೇಲೆ ದಿನನಿತ್ಯ ಓಡಿಸುವಂತಿಲ್ಲ, ಅಪಘಾತವಾದರೆ ವಿಮೆಗೂ ತೊಡಕು. ಇಡೀ ಗಾಡಿಗೆ ಬಣ್ಣದ ಫಿಲ್ಮ್ ಸುತ್ತಿಸಿದರೆ ಆರ್‌ಸಿಯಲ್ಲಿನ ಬಣ್ಣಕ್ಕೆ ತಾಳೆಯಾಗುವುದಿಲ್ಲ, ಬಾಗಿಲುಗಳಿಗಷ್ಟೇ ಸ್ಟಿಕರ್ ಹಾಕಿಸಿ. ಜಾಹೀರಾತಿಗೆ ಅನುಮತಿ, ಶುಲ್ಕ ಬೇಕೇ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮೈದಾನದಲ್ಲಿ ಆಟದ ನಿಯಮವೇ ಜಾಹೀರಾತಿಗೆ ಗಡಿ ಹಾಕಿದೆ. ನಿಂತ ಬೋರ್ಡುಗಳು ಮೈದಾನದ ಪಕ್ಕದ ಗೆರೆಯಿಂದ ಕನಿಷ್ಠ 1 ಮೀಟರ್ ಆಚೆ ಇರಬೇಕು. ಗೋಲ್ ಗೆರೆಯ ಹಿಂದೆ, ಬಲೆ ಎಷ್ಟು ಆಳವಿದೆಯೋ ಅಷ್ಟು ದೂರ. ಮೈದಾನದ ನೆಲದ ಮೇಲೆ ಲೋಗೋ ಬಿಡಿಸುವಂತಿಲ್ಲ. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಂಥ ಕೃತಕ ಹುಲ್ಲಿನ ಕಡೆ ಕಾರನ್ನು ಹುಲ್ಲಿನ ಮೇಲೆ ಹತ್ತಿಸಲೇಬೇಡಿ. ಚಕ್ರ ತಿರುಗಿಸಿದಾಗ ಹುಲ್ಲಿನ ಹಾಸು ಎಳೆದು ಸುಕ್ಕಾಗುತ್ತದೆ, ಎಣ್ಣೆ ಸೋರಿದರೆ ಕಲೆ ಹೋಗದು. ಪ್ರವೇಶದ್ವಾರದ ಬಳಿ, ಕಾರಿನ ಕೆಳಗೆ ಟ್ರೇ ಇಟ್ಟು ನಿಲ್ಲಿಸಿ. ಎರಡು ಕಾರು ಸಾಕು: ಒಂದು ಕೂತು ನೋಡಲು, ಇನ್ನೊಂದು ಟೆಸ್ಟ್ ಡ್ರೈವ್‌ಗೆ. ಟೆಸ್ಟ್ ಡ್ರೈವ್ ಅನ್ನು ಪಂದ್ಯಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಮುಗಿಸಿ. ಆಟ ಮುಗಿದೊಡನೆ ರಸ್ತೆ ತುಂಬಿ ಗಾಡಿ ಅಲ್ಲಾಡುವುದಿಲ್ಲ, ಮಕ್ಕಳಿಗೂ ಮನೆ ಸೇರುವ ಆತುರ.

ಫಲಿತಾಂಶ ಅಳೆಯಲು ಲೋಗೋ ಎಷ್ಟು ನಿಮಿಷ ಟಿವಿಯಲ್ಲಿ ಕಂಡಿತು ಎಂಬ ವರದಿಯನ್ನು ನೆಚ್ಚಬೇಡಿ. ಸೀಸನ್ ಶುರುವಾಗುವ ಎಂಟು ವಾರ ಮೊದಲಿನಿಂದಲೇ ಆ ಮಾಡೆಲ್‌ಗೆ ಬರುವ ವಿಚಾರಣೆಗಳನ್ನು ಪಿನ್‌ಕೋಡ್‌ವಾರು ಬರೆದಿಡಿ. ಸ್ಟಾಲಿಗೆ ಪ್ರತ್ಯೇಕ ಕ್ಯೂಆರ್ ಕೋಡ್, ಪ್ರತ್ಯೇಕ ಫೋನ್ ನಂಬರ್ ಇಡಿ. ಮೈದಾನದಲ್ಲಿ ಹೆಸರು ಕೊಟ್ಟವರನ್ನು 90 ದಿನ ಹಿಂಬಾಲಿಸಿ ಲೆಕ್ಕ ತೆಗೆಯಿರಿ. ಕಾರನ್ನು ಯಾರೂ ಒಂದೇ ದಿನದಲ್ಲಿ ಕೊಳ್ಳುವುದಿಲ್ಲ, ಮನೆಯಲ್ಲಿ ಚರ್ಚೆಯಾಗಬೇಕು, ಸಾಲ ಮಂಜೂರಾಗಬೇಕು. ಈ ಅಂಕಿಗಳು ಕೈಗೆ ಬಂದ ಕೂಡಲೇ ಕ್ಲಬ್ಬಿಗೂ ತೋರಿಸಿ, ಮುಂದಿನ ಸೀಸನ್ನಿನ ಮೊತ್ತವನ್ನು ಅವುಗಳನ್ನು ಮುಂದಿಟ್ಟುಕೊಂಡೇ ಮಾತಾಡಿ.