ಉಪ್ಪುಗಾಳಿಯ ಊರಿನಲ್ಲಿ ಲೋಹಶೋಧಕಕ್ಕೊಂದು ಚೀಲ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ರಜೆಯ ದಿನ ಸಂಜೆ ಅಡ್ಡಾಡಿದವರು ಈ ನೋಟವನ್ನು ಕಂಡಿರಬಹುದು: ಉಂಗುರವನ್ನೋ ಕಾಲ್ಗೆಜ್ಜೆಯನ್ನೋ ಬೈಕಿನ ಕೀಲಿಯನ್ನೋ ಕಳೆದುಕೊಂಡ ಕುಟುಂಬವೊಂದು ಕತ್ತಲಾಗುವ ಮೊದಲು ಸಿಗಲಿ ಎಂದು ಬೆರಳಿನಿಂದ ಮರಳು ಜಾಲಾಡುತ್ತಿರುತ್ತದೆ. ಅಂಥವರಿಗೆ ನೆರವಾಗಲೆಂದೇ ನಾನು ಲೋಹಶೋಧಕ ಕೊಂಡೆ. ಮೊದಲ ಮಳೆಗಾಲದಲ್ಲೇ ಅದು ಮೂಕವಾಯಿತು. ಕೈಜಾರಿ ಬಿದ್ದದ್ದಲ್ಲ, ಬಂಡೆಗೆ ತಾಗಿದ್ದೂ ಅಲ್ಲ. ಒಂದು ಸಂಜೆ ತೆರೆಯ ಅಂಚಿನಲ್ಲಿ ಹುಡುಕಾಡಿ ಬಂದು, ದಣಿದಿದ್ದೇನೆಂದು ಯಂತ್ರವನ್ನು ಹಾಗೆಯೇ ಚೀಲಕ್ಕೆ ಹಾಕಿ ಜಿಪ್ ಎಳೆದಿದ್ದೆ. ಹನಿ ನೀರೂ ಒಳಗೆ ಹೋಗದು ಎಂಬ ಭರವಸೆಯೊಂದಿಗೆ ಮಾರಾಟವಾದ ಚೀಲ ಅದು. ಐದನೆಯ ದಿನ ತೆರೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕಾಯಿಲ್‌ನ (ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗ) ವೈರು ನಿಯಂತ್ರಣ ಡಬ್ಬಿಗೆ ಸೇರುವ ಜಾಗದ ತಿರುಪು ಬಿಚ್ಚಿ ನೋಡಿದರೆ ಪಿನ್ನುಗಳ ಬುಡದಲ್ಲಿ ಹಸಿರು ಪುಡಿ. ಹುಣಸೆಹುಳಿ ಹಚ್ಚಿ ತಿಕ್ಕದೆ ಬಿಟ್ಟ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ ಕಿಲುಬು.

ನೀರನ್ನು ಒಳಗೆ ಬಿಡದ ಚೀಲ ನೀರನ್ನು ಹೊರಗೂ ಬಿಡುವುದಿಲ್ಲ. ಕರಾವಳಿಯಲ್ಲಿ ಚೀಲ ಆರಿಸುವವರು ಮೊದಲು ಯೋಚಿಸಬೇಕಾದದ್ದು ಇದನ್ನು. ಸಮುದ್ರದ ನೀರು ಆರಿದ ಮೇಲೂ ಉಪ್ಪು ಉಳಿಯುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 75 ದಾಟಿತೆಂದರೆ ಆ ಉಪ್ಪು ಗಾಳಿಯಿಂದಲೇ ನೀರು ಹೀರಿ ಮತ್ತೆ ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿನ್ನಿನ ಮೇಲೆ ಕೂತ ಉಪ್ಪಿನ ಕಣವೂ ಆ ಭರಣಿಯಂತೆಯೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಪೆಟ್ಟಿನಿಂದ ಕಾಪಾಡುವುದು ಚೀಲದ ಎರಡನೆಯ ಕೆಲಸ. ಯಂತ್ರ ಒಣಗಿರುವಂತೆ ನೋಡಿಕೊಳ್ಳುವುದು ಮೊದಲನೆಯದು.

ಅಳತೆ ಹಳೆಯ ಪತ್ರಿಕೆಯ ಮೇಲೆ

ಅಂಗಡಿಗೆ ಹೋಗುವ ಮೊದಲು ಯಂತ್ರವನ್ನು ಬಿಚ್ಚಿ, ಎಲ್ಲ ಭಾಗಗಳನ್ನೂ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಹರಡಿ. ಜೋಡಿಸಿದಾಗ 120ರಿಂದ 140 ಸೆಂಟಿಮೀಟರ್ ಉದ್ದವಿರುವ ಯಂತ್ರ, ದಂಡವನ್ನು ಎರಡು ಮೂರು ತುಂಡು ಮಾಡಿದರೆ ಸಾಮಾನ್ಯವಾಗಿ 60–70 ಸೆಂಟಿಮೀಟರಿಗೆ ಇಳಿಯುತ್ತದೆ. ಅಗಲವನ್ನು ತೀರ್ಮಾನಿಸುವುದು ಕಾಯಿಲ್. ಹನ್ನೊಂದು ಇಂಚಿನದಾದರೆ 28 ಸೆಂಟಿಮೀಟರ್. ದಪ್ಪವನ್ನು ಅಳೆಯುವಾಗಲೇ ಬಹಳ ಜನ ತಪ್ಪುವುದು. ಕಾಯಿಲ್ ತೆಳ್ಳಗಿರುತ್ತದೆ, ಆದರೆ ಮೊಣಕೈ ಆನಿಸುವ ಬಟ್ಟಲು ಒಂದು ಗೇಣಿನಷ್ಟು ಎದ್ದು ನಿಂತಿರುತ್ತದೆ. ಚೀಲದ ಹೊಟ್ಟೆಯ ಆಳವನ್ನು ಆ ಬಟ್ಟಲಿಗೆ ತಕ್ಕಂತೆ ನೋಡಿ.

ಭಾಗಗಳನ್ನು ಹೇಗೆ ಇಡಬೇಕೆಂದು ನಿರ್ಧರಿಸಿದ ಮೇಲೆ ಅವುಗಳ ಸುತ್ತ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಿರಿ. ಭಾಗ ಭಾಗದ ನಡುವೆ ಎರಡು ಬೆರಳು ಜಾಗವಿರಲಿ. ಈ ಹಾಳೆ ಮುಂದೆ ಫೋಮ್ ಕತ್ತರಿಸಲು ಬೇಕು, ಎಸೆಯಬೇಡಿ. ಮೇಲ್ತುದಿಯಲ್ಲಿ ಹೆಡ್‌ಫೋನ್, ಚಾರ್ಜರ್, ಬ್ಯಾಟರಿಗಳ ಜಾಗವನ್ನೂ ಗುರುತಿಸಿಕೊಳ್ಳಿ. ಮರಳು ತೋಡುವ ಸಲಿಕೆಗೆ ಮಾತ್ರ ಒಳಗೆ ಜಾಗ ಕೊಡಬೇಡಿ. ಅದರ ವಿಷಯ ಮುಂದೆ ಬರುತ್ತದೆ.

ಯಾವ ಬಗೆಯದು?

ಬೈಕು, ಬಸ್ಸಿನಲ್ಲಿ ಓಡಾಡುವವರಿಗೆ ಬೆನ್ನಿಗೆ ಹಾಕಿಕೊಳ್ಳುವ ಬಟ್ಟೆಯ ಚೀಲವೇ ಸರಿ. ಯಂತ್ರದ ತೂಕ ಹೆಚ್ಚೆಂದರೆ ಒಂದೂವರೆ ಕಿಲೋ ಆಸುಪಾಸು. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಾದರೆ ಯಂತ್ರಕ್ಕಿಂತ ಪೆಟ್ಟಿಗೆಯೇ ಭಾರ. ಆದರೆ ದೇವಭಾಗ ಅಥವಾ ಕೂರ್ಮಗಡಕ್ಕೆ ದೋಣಿಯಲ್ಲಿ ಒಯ್ಯುವವರಿಗೆ, ಕಾರಿನ ಡಿಕ್ಕಿಯಲ್ಲಿ ಜಾಕು, ಸ್ಪಾನರುಗಳ ಜೊತೆ ಇಡುವವರಿಗೆ ಗಟ್ಟಿ ಪೆಟ್ಟಿಗೆ ಬೇಕಾಗುತ್ತದೆ. ಕೊಳ್ಳುವುದಾದರೆ ಕಪ್ಪು ಬಣ್ಣ ಬೇಡ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಶಾಖ 50 ಡಿಗ್ರಿ ದಾಟುತ್ತದೆ. ಪರದೆಗೂ ಲಿಥಿಯಂ ಬ್ಯಾಟರಿಗೂ ಅದು ಒಳ್ಳೆಯದಲ್ಲ.

ನಾಲ್ಕು ಇಂಚಿನ ಪಿವಿಸಿ ಪೈಪು ಕತ್ತರಿಸಿ, ಎರಡೂ ಬದಿಗೆ ಮುಚ್ಚಳ ಹಾಕಿ ಕೊಳವೆ ಮಾಡಿಕೊಳ್ಳುವವರೂ ಇದ್ದಾರೆ. ದಂಡಕ್ಕೆ ಅದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಕಾಯಿಲ್ ಮಾತ್ರ ಅದರಲ್ಲಿ ಹಿಡಿಸುವುದಿಲ್ಲ, ಬೇರೆ ಚೀಲ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಅನೇಕ ಯಂತ್ರಗಳಲ್ಲಿ ಕಾಯಿಲ್ ನೀರಿಗಿಳಿಯಬಲ್ಲುದು, ಮೇಲಿನ ನಿಯಂತ್ರಣ ಡಬ್ಬಿ ಇಳಿಯಲಾರದು. ಕೈಪಿಡಿಯನ್ನು ಓದಿ ನಿಮ್ಮದು ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ಡಬ್ಬಿ ನೀರು ತಾಳದೆಂದಾದರೆ ಚೀಲದೊಳಗೆ ಅದಕ್ಕೊಂದು ಪ್ರತ್ಯೇಕ ಹೊದಿಕೆ ಹೊಲಿಸಿ. ಹಳೆಯ ಕೊಡೆಯ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಜಿಪ್, ಕೊಕ್ಕೆ, ತೂತು

ಬಟ್ಟೆಗಿಂತ ಮೊದಲು ಸೋಲುವುದು ಜಿಪ್. ಲೋಹದ ಹಲ್ಲಿನ ಜಿಪ್ ಕಡಲ ಬದಿಯಲ್ಲಿ ಒಂದೇ ವರ್ಷದಲ್ಲಿ ಕಚ್ಚಿಕೊಂಡು ಕೂರುತ್ತದೆ. ದಪ್ಪ ಪ್ಲಾಸ್ಟಿಕ್ ಹಲ್ಲಿನದನ್ನೇ ಹಾಕಿಸಿ. ಹಲ್ಲು ಪ್ಲಾಸ್ಟಿಕ್ಕಿನದಾದರೂ ಎಳೆಯುವ ಬಿಲ್ಲೆ ಕಬ್ಬಿಣದ್ದಾಗಿರುವುದುಂಟು. ಅಂಗಡಿಗೆ ಸಣ್ಣ ಅಯಸ್ಕಾಂತವೊಂದನ್ನು ಒಯ್ದು ಜಿಪ್ಪಿನ ಬಿಲ್ಲೆ, ಕೊಕ್ಕೆ, ಪಟ್ಟಿಯ ಬಳೆಗಳಿಗೆ ತಾಗಿಸಿ ನೋಡಿ. ಗಟ್ಟಿಯಾಗಿ ಹಿಡಿದುಕೊಂಡದ್ದೆಲ್ಲ ತುಕ್ಕು ಹಿಡಿಯುವ ಜಾತಿಯೆಂದು ತಿಳಿಯಿರಿ. ಅಯಸ್ಕಾಂತದ ಗುಂಡಿಯಿಂದ ಮುಚ್ಚುವ ಚೀಲವಂತೂ ಬೇಡವೇ ಬೇಡ. ಮರಳಿನಲ್ಲಿರುವ ಕಪ್ಪು ಕಬ್ಬಿಣದ ಕಣಗಳು ಆ ಗುಂಡಿಗೆ ಮೀಸೆಯಂತೆ ಮೆತ್ತಿಕೊಳ್ಳುತ್ತವೆ, ಅಲ್ಲಿಂದ ಉದುರಿ ಪರದೆಯನ್ನು ಗೀರುತ್ತವೆ.

ಹತ್ತಿಯ ಕ್ಯಾನ್ವಾಸು ನೋಡಲು ಚೆಂದ. ಆದರೆ ಘಟ್ಟದ ಮೇಲೆ ಶಿರಸಿಯಲ್ಲಾಗಲಿ, ಕೆಳಗೆ ಅಂಕೋಲಾದಲ್ಲಾಗಲಿ ಮಳೆಗಾಲ ಮುಗಿಯುವುದರೊಳಗೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯನ್ನೇ ಆರಿಸಿಕೊಳ್ಳಿ.

ನನ್ನ ಈಗಿನ ಚೀಲವನ್ನು ಹೊಲಿದುಕೊಟ್ಟವರು ಬಂದರಿನ ಬದಿಯಲ್ಲಿ ದೋಣಿಗಳಿಗೆ ತಾಡಪಾಲು ಹೊಲಿಯುವ ಹಿರಿಯರು. ನಾನು ಪತ್ರಿಕೆಯ ಹಾಳೆ ಬಿಚ್ಚಿ, ಎಲ್ಲೂ ನೀರು ನುಗ್ಗದಂತೆ ಹೊಲಿದುಕೊಡಿ ಎಂದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. “ನೀರು ಬರದ ಹಾಗೆ ಹೊಲಿಯಬಹುದು. ಬಂದ ನೀರು ಹೋಗಲು ದಾರಿ ಬೇಡವೇ ತಮ್ಮಾ?” ಎಂದು ಕೇಳಿದರು. ಆಮೇಲೆ ನನ್ನನ್ನು ಕೇಳದೆಯೇ ಚೀಲದ ತಳದ ಎರಡು ಮೂಲೆಗೂ ಒಂದೊಂದು ಹಿತ್ತಾಳೆಯ ಕಣ್ಣು ಒತ್ತಿದರು. ತಾಡಪಾಲಿನ ಅಂಚಿಗೆ ಹಗ್ಗ ಪೋಣಿಸಲು ಹಾಕುತ್ತಾರಲ್ಲ, ಅಂಥದ್ದೇ. ಚೀಲವನ್ನು ನೇತುಹಾಕಿದಾಗ ಒಳಗಿನ ಪಸೆ ಅಲ್ಲಿಂದ ಇಳಿಯುತ್ತದೆ, ಗಾಳಿ ಆಡುತ್ತದೆ. ದೊಡ್ಡ ಹಣ ಕೊಟ್ಟು ಕೊಂಡ ಮೊದಲ ಚೀಲದಲ್ಲಿ ಈ ಎರಡು ತೂತುಗಳು ಇರಲಿಲ್ಲ. ಸಿದ್ಧ ಚೀಲ ಕೊಂಡಿದ್ದರೆ ನೀವೂ ಹಾಕಿಸಿಕೊಳ್ಳಬಹುದು, ಐದು ನಿಮಿಷದ ಕೆಲಸ. ಮಳೆಯಲ್ಲಿ ನಡೆಯುವಾಗ ಮೇಲಿನಿಂದ ಒಂದು ಮಳೆಹೊದಿಕೆ ಹಾಕಿಕೊಂಡರಾಯಿತು.

ಫೋಮ್ ಕತ್ತರಿಸುವುದು

ಎಲ್ಲ ಫೋಮ್ ಒಂದೇ ಅಲ್ಲ. ಸೋಫಾದೊಳಗಿನ ಮೆತ್ತನೆಯ ಸ್ಪಂಜು ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ನಮಗೆ ಬೇಕಾದದ್ದು ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಫೋಮ್. ಯೋಗದ ಚಾಪೆಗಳಲ್ಲಿ ಕೆಲವು, ಮಕ್ಕಳ ಕೋಣೆಯ ನೆಲಕ್ಕೆ ಹಾಸುವ ಇವಿಎ ಚೌಕಗಳು ಈ ಬಗೆಯವು. ಸಂದೇಹವಿದ್ದರೆ ಒಂದು ಬೆರಳಿನಷ್ಟು ತುಂಡನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಹಿಂಡಿ, ಬಿಟ್ಟು ನೋಡಿ. ಮತ್ತೆ ಹಿಂಡಿದಾಗ ನೀರು ಸುರಿದರೆ ಅದು ಬೇಡ.

ಎರಡು ಪದರ ಇರಲಿ. ತಳದ್ದನ್ನು ಕತ್ತರಿಸದೆ ಇಡಿಯಾಗಿ ಹಾಸಿ. ಮೇಲಿನದರ ಮೇಲೆ ಪತ್ರಿಕೆಯ ಹಾಳೆಯನ್ನು ಗುಂಡುಸೂಜಿಯಿಂದ ಸಿಕ್ಕಿಸಿ, ಗೆರೆಯಿಂದ ಸುಮಾರು ಮೂರು ಮಿಲಿಮೀಟರ್ ಒಳಗೆ ಕತ್ತರಿಸಿ. ರಂಧ್ರ ಯಂತ್ರಕ್ಕಿಂತ ತುಸು ಚಿಕ್ಕದಿದ್ದರೆ ಫೋಮ್ ತಾನೇ ಹಿಡಿದುಕೊಳ್ಳುತ್ತದೆ, ಪಟ್ಟಿಯ ಅಗತ್ಯವಿಲ್ಲ. ಪೇಪರ್ ಕಟ್ಟರಿಗೆ ಹೊಸ ಅಲಗು ಹಾಕಿ, ಗರಗಸದಂತೆ ಹಿಂದೆ ಮುಂದೆ ಆಡಿಸದೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಒಂದೇ ಏಟಿಗೆ ತಳ ಮುಟ್ಟಿಸಲು ಹೋಗಬೇಡಿ. ಮೂರು ನಾಲ್ಕು ಸಲ ಎಳೆದರೆ ಅಂಚು ನೇರವಾಗಿ ಬರುತ್ತದೆ. ಮೊಂಡು ಅಲಗಿನಿಂದ ಕೊಯ್ದರೆ ಅಂಚಿನಿಂದ ಪುಡಿ ಉದುರಿ ವರ್ಷವಿಡೀ ಪಿನ್ನುಗಳ ಸಂದಿ ಸೇರುತ್ತಿರುತ್ತದೆ.

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಜಾಗ ವೈರು ಕಾಯಿಲ್‌ನೊಳಕ್ಕೆ ಹೋಗುವ ಕುತ್ತಿಗೆ. ಅದನ್ನು ಚೂಪಾಗಿ ಮಡಚಿದರೆ ಒಳಗಿನ ತಂತಿ ಒಂದೊಂದೇ ಎಳೆಯಾಗಿ ತುಂಡಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಯಂತ್ರ ಮಾತ್ರ ಕಾರಣವಿಲ್ಲದೆ ಕೂಗತೊಡಗುತ್ತದೆ. ಆ ಕುತ್ತಿಗೆಯ ಮುಂದೆ ಫೋಮಿನಲ್ಲಿ ಅಂಗೈಯಷ್ಟು ಜಾಗವನ್ನು ಖಾಲಿ ಬಿಟ್ಟು, ವೈರು ಅಲ್ಲಿ ಬಳೆಯಂತೆ ದುಂಡಗೆ ಮಲಗುವಂತೆ ಮಾಡಿ. ದಂಡಕ್ಕೆ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಪದರಗಳನ್ನು ಅಂಟಿಸಲು ಚಪ್ಪಲಿ ಅಂಟಿಸುವ ರಬ್ಬರ್ ಅಂಟು ಸಾಕು. ಅಂಟಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ತೆರೆದಿಡಿ, ವಾಸನೆ ಪೂರ್ತಿ ಹೋಗಲಿ. ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನೇ ತೊಳೆದು ಬಳಸುವ ಯೋಚನೆಯಿದ್ದರೆ ಈ ಅಂಟನ್ನು ಮುಟ್ಟಿಸಬೇಡಿ, ಥರ್ಮಾಕೋಲ್ ಕರಗಿ ಹೊಂಡ ಬೀಳುತ್ತದೆ.

ಸಲಿಕೆಗೆ ಬಲೆಯ ಚೀಲ

ಒದ್ದೆ ಸಲಿಕೆಯ ಜೊತೆ ಮುಷ್ಟಿಯಷ್ಟು ಮರಳು, ಮರಳಿನ ಜೊತೆ ಉಪ್ಪು ಬರುತ್ತದೆ. ಅದು ಹೊರಗೇ ಇರಲಿ. ಹರಿದ ಮೀನುಬಲೆಯ ಒಂದು ತುಂಡು ಬಂದರಿನಲ್ಲಿ ಕೇಳಿದರೆ ಸಿಗುತ್ತದೆ. ಅದನ್ನು ಮಡಚಿ ಎರಡು ಬದಿ ನೈಲಾನ್ ದಾರದಿಂದ ಹೊಲಿದು, ಚೀಲದ ಹೊರಮೈಗೆ ಕಟ್ಟಿ. ನಡೆಯುತ್ತ ನಡೆಯುತ್ತ ನೀರೂ ಮರಳೂ ದಾರಿಯಲ್ಲೇ ಉದುರಿಹೋಗುತ್ತವೆ. ನಾನು ಮಾಡಿಕೊಂಡ ಬದಲಾವಣೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು, ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಮನೆಗೆ ಬಂದ ಮೇಲೆ

ಕಾಯಿಲ್ ಮತ್ತು ಕೆಳದಂಡವನ್ನು ಸಿಹಿನೀರಿನಿಂದ ತೊಳೆಯಿರಿ. ಕಾಯಿಲ್‌ಗೆ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಅದನ್ನು ಕಳಚಿ ಒಳಗಿನ ಮರಳನ್ನೂ ತೆಗೆಯಿರಿ. ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ. ಬಿಸಿಲಿಗೆ ಬೇಡ, ನೆರಳಿನಲ್ಲಿ ಗಾಳಿಗೆ ಒಂದು ರಾತ್ರಿ ಬಿಡಿ. ಚೀಲವನ್ನೂ ಬಾಯಿ ತೆರೆದು ಗೂಟಕ್ಕೆ ನೇತುಹಾಕಿ. ಇವೆರಡೂ ಒಣಗುವ ತನಕ ಒಂದನ್ನೊಂದು ಸೇರಬಾರದು.

ಗಟ್ಟಿ ಪೆಟ್ಟಿಗೆಯವರು ಒಳಗೆ ಸಿಲಿಕಾ ಜೆಲ್ ಇಡಲೇಬೇಕು. ಅಕ್ಕಿಯ ಪೊಟ್ಟಣ ಇಡುವವರಿದ್ದಾರೆ. ಅದು ಹೀರುವ ತೇವ ಕಡಿಮೆ, ಬಿಡುವ ಹುಡಿ ಹೆಚ್ಚು, ನುಸಿಯೂ ಆಗುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಕೊಂಡರೆ ಅದು ತೇವ ತುಂಬಿಕೊಂಡದ್ದು ಕಣ್ಣಿಗೇ ಕಾಣುತ್ತದೆ. 120 ಡಿಗ್ರಿಯ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಹಾಗೆ ಇಡುವ ಮೊದಲು ಪ್ಲಾಸ್ಟಿಕ್ ಪೊಟ್ಟಣದಿಂದ ಹೊರಗೆ ತೆಗೆಯಿರಿ.

ದಾರಿಯಲ್ಲಿ ಯಾರಾದರೂ ಕೇಳಿದರೆ

ಉದ್ದನೆಯ ಚೀಲ ಬೆನ್ನಿಗೆ ಹಾಕಿಕೊಂಡು ಹೋದರೆ ಬಂದೂಕಿನ ಚೀಲದಂತೆ ಕಾಣುತ್ತದೆ. ಕಾರವಾರ ನೌಕಾನೆಲೆಯಿರುವ ಊರು, ಕಾವಲಿನವರು ಕೇಳುವುದು ಸಹಜ, ಕೇಳಬೇಕಾದದ್ದೂ ಹೌದು. ಗೋವಾದಿಂದ ಬರುವಾಗ ಮಾಜಾಳಿಯ ತಪಾಸಣೆಯಲ್ಲೂ ಚೀಲ ಬಿಚ್ಚಿ ತೋರಿಸಬೇಕಾಗಬಹುದು. ಅದಕ್ಕಾಗಿಯೇ ಜಿಪ್ ಮೂರು ಬದಿಗೂ ಬರುವಂತೆ ಹಾಕಿಸಿ, ಪುಸ್ತಕದಂತೆ ಪೂರ್ತಿ ತೆರೆದುಕೊಳ್ಳಲಿ. ಎಲ್ಲ ಭಾಗವೂ ಒಂದೇ ನೋಟಕ್ಕೆ ಕಂಡರೆ ನಿಮ್ಮ ಸಮಯವೂ ಅವರ ಸಮಯವೂ ಉಳಿಯುತ್ತದೆ. ಹೊರಗೆ ‘ಲೋಹಶೋಧಕ’ ಎಂದು ದೊಡ್ಡದಾಗಿ ಬರೆಯಿಸಿ. ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲಕ್ಕೆ ವರ್ಗಾಯಿಸಿಕೊಳ್ಳಿ, ಸರಕಿನ ಜೊತೆ ಅದನ್ನು ಕಳುಹಿಸುವಂತಿಲ್ಲ.

ಮಿರ್ಜಾನ್ ಕೋಟೆಯಂಥ ಸಂರಕ್ಷಿತ ಸ್ಮಾರಕಗಳ ಕಡೆಗೆ ಈ ಚೀಲ ಹೊತ್ತು ಹೋಗಲೇಬೇಡಿ. ನೆಲದಲ್ಲಿ ಅಡಗಿದ್ದ ನಿಧಿ ಎಲ್ಲೇ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ಚೀಲದ ಮುಚ್ಚಳದ ಒಳಬದಿಗೆ ಒಂದು ಪಾರದರ್ಶಕ ಜೇಬು ಹೊಲಿಸಿ, ಯಂತ್ರದ ಬಿಲ್ಲಿನ ಪ್ರತಿಯನ್ನೂ ನಿಮ್ಮ ಫೋನ್ ಸಂಖ್ಯೆಯ ಚೀಟಿಯನ್ನೂ ಅದರಲ್ಲಿಡಿ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಬಹುತೇಕ ಪೆನ್ನುಗಳ ಶಾಯಿ ನಮ್ಮ ಮಳೆಗಾಲವನ್ನು ದಾಟುವುದಿಲ್ಲ.