ಒಂದೇ ಇಮೇಲ್‌ಗೆ ಬೆಳಿಗ್ಗೆ 3, ಸಂಜೆ 7 ಅಂಕ: ತಪ್ಪು ಹುಡುಕುವುದು ಹೇಗೆ?

ಸರ್ವರ್‌ಗೆ ಬರುವ ಪ್ರತಿ ಮೇಲ್‌ಗೂ ಅಂಕ ಕೊಟ್ಟು ಸ್ಪ್ಯಾಮ್ ಹಿಡಿಯುವ ಶೋಧಕ ಸ್ಪ್ಯಾಮ್‌ಅಸಾಸಿನ್ ಹಾಕಿಕೊಂಡವರಿಂದ ನಾನು ಕೇಳುವ ದೂರು ಬಹುತೇಕ ಒಂದೇ: ‘ಮೇಲ್ ಬಂದಾಗ 3 ಅಂಕ ಕೊಟ್ಟು ಒಳಗೆ ಬಿಟ್ಟಿತು. ಅದನ್ನೇ ಸಂಜೆ ಪರೀಕ್ಷೆಗೆ ಕೊಟ್ಟರೆ 7 ಅನ್ನುತ್ತದೆ.’ ಹೇಳಿದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಯಾವ ಅಂಕ ಮುಟ್ಟಿದರೆ ಮೇಲ್ ಸ್ಪ್ಯಾಮ್ ಎನಿಸುತ್ತದೆಯೋ ಆ 5ರ ಮಿತಿಯನ್ನು 3ಕ್ಕೆ ಇಳಿಸುತ್ತಾರೆ. ಮರುದಿನ ಗ್ರಾಹಕರ ಬಿಲ್ಲುಗಳೂ ಸ್ಪ್ಯಾಮ್ ಪೆಟ್ಟಿಗೆ ಸೇರುತ್ತವೆ. ದಯವಿಟ್ಟು ಮಿತಿಯನ್ನು ಮುಟ್ಟಬೇಡಿ.

1. ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಟ್ಟು ಅಂಕ ಬಿಟ್ಟು, ಯಾವ ನಿಯಮಕ್ಕೆ ಎಷ್ಟು ಬಿದ್ದಿದೆ ಎಂದು ನೋಡಿ. ಪರೀಕ್ಷೆಗೆ ಸರ್ವರ್‌ನಲ್ಲಿರುವ ಮೂಲ ಮೇಲ್ ಬೇಕು. ಫಾರ್ವರ್ಡ್ ಮಾಡಿದ ಪ್ರತಿ ಕೆಲಸಕ್ಕೆ ಬಾರದು.

2. ಮೇಲ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಶೋಧಕವನ್ನು ಓಡಿಸುತ್ತದೆಯೋ ಅದೇ ಹೆಸರಿನಲ್ಲಿ ನೀವೂ ಓಡಿಸಿ. ರೂಟ್ (ಯಂತ್ರದ ಮುಖ್ಯ ಆಡಳಿತಗಾರ) ಆಗಿ ಓಡಿಸಿದರೆ ಬೇಯ್ಸ್ ಕಲಿಕೆಯ, ಅಂದರೆ ಹಳೆಯ ಮೇಲ್‌ಗಳನ್ನು ನೋಡಿ ಸ್ಪ್ಯಾಮ್ ಗುರುತಿಸಲು ಕಲಿಯುವ ಭಾಗದ ಕಡತವೇ ಬೇರೆಯಾಗಬಹುದು. ಆ ಕಡತಕ್ಕೆ ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ತೋರಿಸುವವರೆಗೆ ಅದು ಬಾಯಿಯೇ ಬಿಡುವುದಿಲ್ಲ. ಓಡಿಸುವ ಆಜ್ಞೆಗೆ ಹೈಫನ್ ಮತ್ತು ದೊಡ್ಡಕ್ಷರದ ಎಲ್ (-L) ಸೇರಿಸಿದರೆ ನೆಟ್‌ವರ್ಕ್ ತಪಾಸಣೆಗಳು ನಿಲ್ಲುತ್ತವೆ. ಹೀಗೆ ಎಷ್ಟು ಸಲ ಓಡಿಸಿದರೂ ಅಂಕ ಕದಲದಿದ್ದರೆ ಕಳ್ಳ ಇರುವುದು ನೆಟ್‌ವರ್ಕ್‌ನಲ್ಲಿ. ಆದರೆ ಈ ಅಂಕವನ್ನು ಮಾಮೂಲಿ ಅಂಕದ ಜೊತೆ ಹೋಲಿಸಿ ಗಾಬರಿಯಾಗಬೇಡಿ. ನೆಟ್‌ವರ್ಕ್ ಇದೆಯೇ, ಬೇಯ್ಸ್ ಇದೆಯೇ ಎನ್ನುವುದರ ಮೇಲೆ ಒಂದು ನಿಯಮಕ್ಕೆ ನಾಲ್ಕು ಬಗೆಯ ಅಂಕಗಳಿರಬಹುದು.

3. ಜನ ಎಡವುವುದು ಇಲ್ಲಿ. ಕಳುಹಿಸಿದ ಐಪಿ ವಿಳಾಸ, ಮೇಲ್ ಒಳಗಿನ ಕೊಂಡಿಗಳು ಕಪ್ಪುಪಟ್ಟಿಯಲ್ಲಿವೆಯೇ ಎಂದು ಶೋಧಕವು ಡಿಎನ್‌ಎಸ್ (ಇಂಟರ್ನೆಟ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೂಲಕ ಕೇಳುತ್ತದೆ. ನಿಮ್ಮ ಸರ್ವರ್ ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಬಳಸುತ್ತಿದ್ದರೆ ಲಕ್ಷಾಂತರ ಜನರ ಪ್ರಶ್ನೆಗಳು ಒಂದೇ ಬಾಗಿಲಿನಿಂದ ಹೋದಂತೆ ಕಾಣುತ್ತವೆ, ಪಟ್ಟಿಯವರು ಉತ್ತರ ನಿರಾಕರಿಸುತ್ತಾರೆ. ಆಗ ಯುಆರ್‌ಐಬಿಎಲ್ ಬ್ಲಾಕ್ಡ್ (URIBL_BLOCKED, ಕೊಂಡಿಗಳ ಕಪ್ಪುಪಟ್ಟಿ ಉತ್ತರಿಸಲಿಲ್ಲ ಎಂಬ ಸೂಚನೆ) ಎಂಬ ನಿಯಮ ವರದಿಯಲ್ಲಿ ಇಣುಕುತ್ತದೆ. ಅದರ ಅಂಕ 0.001 ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಖಚಿತಪಡಿಸಿಕೊಳ್ಳಲು ಕಪ್ಪುಪಟ್ಟಿ ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಝೆನ್ ಪಟ್ಟಿಯ ಹೆಸರಿಗೆ ಮೊದಲು 2.0.0.127 ಸೇರಿಸಿ (2.0.0.127.zen.spamhaus.org), ಡಿಎನ್‌ಎಸ್ ವಿಚಾರಿಸುವ ಡಿಗ್ ಆಜ್ಞೆಯಿಂದ ಕೇಳಿ. ಇದು ಪರೀಕ್ಷೆಗೆಂದೇ ಪಟ್ಟಿಯಲ್ಲಿರುವ ವಿಳಾಸ. 127.0.0.2 ಎಂಬಂಥ ಉತ್ತರ ಬಂದರೆ ದಾರಿ ಸರಿಯಿದೆ. 127.255.255.254 ಬಂದರೆ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳುತ್ತಿದ್ದೀರಿ. ಕೊನೆಯ ಅಂಕಿ 255 ಆಗಿದ್ದರೆ ಪ್ರಶ್ನೆಗಳು ಮಿತಿಮೀರಿವೆ. ಏನೂ ಬಾರದಿದ್ದರೂ ದಾರಿ ಮುಚ್ಚಿದೆ ಎಂದೇ ತಿಳಿಯಿರಿ.

ಪರಿಹಾರ: ಅದೇ ಯಂತ್ರದಲ್ಲಿ ಅನ್‌ಬೌಂಡ್ ಎಂಬ ನಿಮ್ಮದೇ ಡಿಎನ್‌ಎಸ್ ಸರ್ವರ್ ಹಾಕಿ. ಅದರಲ್ಲಿ ಫಾರ್ವರ್ಡಿಂಗ್, ಅಂದರೆ ಪ್ರಶ್ನೆಗಳನ್ನು ಬೇರೆ ಡಿಎನ್‌ಎಸ್‌ಗೆ ದಾಟಿಸುವುದು, ಇರಕೂಡದು. ಅನ್‌ಬೌಂಡ್ ಹಾಕಿ, ಅದರೊಳಗೆ ಮತ್ತೆ 8.8.8.8 ಬರೆದು ‘ಏನೂ ಬದಲಾಗಲಿಲ್ಲ’ ಎಂದವರನ್ನು ಕಂಡಿದ್ದೇನೆ. ಇನ್ನೊಂದು ಕಾಟವಿದೆ: ಯಾವ ಡಿಎನ್‌ಎಸ್ ಬಳಸಬೇಕೆಂದು ಯಂತ್ರಕ್ಕೆ ಹೇಳುವ ರಿಸಾಲ್ವ್ ಕಡತದಲ್ಲಿ (resolv.conf) ನೀವು ಬರೆದದ್ದನ್ನು, ನೆಟ್‌ವರ್ಕ್ ವಿವರಗಳನ್ನು ತಾನಾಗಿ ತುಂಬುವ ಡಿಎಚ್‌ಸಿಪಿ ಅಳಿಸಿ, ಮುಂದಿನ ರೀಬೂಟ್‌ಗೆ ಹಳೆಯ ಕಥೆ ಶುರುವಾಗುತ್ತದೆ. ಹಾಗಾಗಿ ಸ್ಪ್ಯಾಮ್‌ಅಸಾಸಿನ್‌ನ ಸಂರಚನಾ ಕಡತದಲ್ಲೇ ಡಿಎನ್‌ಎಸ್ ಸರ್ವರ್ 127.0.0.1 ಎಂದು ನಮೂದಿಸಿ ಸೇವೆಯನ್ನು ಮರುಚಾಲನೆ ಮಾಡಿ.

ಕಪ್ಪುಪಟ್ಟಿ ತಪಾಸಣೆಯನ್ನೇ ನಿಲ್ಲಿಸಿಬಿಡಿ ಎನ್ನುವ ಸಲಹೆಗಾರರೂ ಇದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

4. ಇಷ್ಟಾದ ಮೇಲೂ ಸಂಜೆಯ ಅಂಕ ಹೆಚ್ಚಾಗಿಯೇ ಇದ್ದರೆ ಶೋಧಕ ಕೆಟ್ಟಿದೆ ಎಂದಲ್ಲ. ಬೆಳಿಗ್ಗೆ ಪಟ್ಟಿಯಲ್ಲಿಲ್ಲದ ಕಳ್ಳ ಸಂಜೆಗೆ ಸೇರಿರುತ್ತಾನೆ. ಸ್ಪ್ಯಾಮ್ ಎಂದು ವರದಿಯಾದ ಮೇಲ್‌ಗಳ ಗುರುತು ಹಂಚಿಕೊಳ್ಳುವ ರೇಝರ್, ಪೈಝರ್ ಜಾಲಗಳು ಕೂಡ ಜನ ವರದಿ ಮಾಡಿದ ಮೇಲಷ್ಟೇ ಎಚ್ಚೆತ್ತುಕೊಳ್ಳುತ್ತವೆ. ಹೊಸಬರ ಮೇಲ್‌ಗಳನ್ನು ಗ್ರೇಲಿಸ್ಟಿಂಗ್‌ನಿಂದ ಐದು ನಿಮಿಷ ಬಾಗಿಲಲ್ಲಿ ಕಾಯಿಸಿದರೆ ಪಟ್ಟಿಗಳಿಗೆ ಅಷ್ಟು ಸಮಯ ಸಿಗುತ್ತದೆ. ಒಟಿಪಿ ಬರುವುದು ತಡವಾಯಿತು ಎಂದು ಬಳಕೆದಾರರು ಬೈಯುತ್ತಾರೆ, ಅಂಥ ಕಳುಹಿಸುಗರಿಗೆ ಮಾತ್ರ ವಿನಾಯಿತಿ ಕೊಡಿ.